ಮುತ್ತಿನ ಒಡವೆ: ಕೋಲಾರದ ಗಿರಾಕಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮುತ್ತು ಪೋಣಿಸುವುದು, ಹಳೆಯ ಸರ ಬಿಚ್ಚಿ ಹೊಸ ದಾರಕ್ಕೆ ಏರಿಸುವುದು, ಮುತ್ತಿನ ಒಡವೆ ಮಾರುವುದು ನಮ್ಮ ಕಸುಬು. ಕೋಲಾರ ಪಟ್ಟಣದವರಷ್ಟೇ ಅಲ್ಲ, ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರ, ಮಾಲೂರಿನವರೂ ಬರುತ್ತಾರೆ. ಸರ ಕೈಗೆತ್ತಿಕೊಂಡ ಕೂಡಲೇ ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವಕ್ಕೆ ನಾಲ್ಕು ಸಾಲು ಸಾಕು. ಕೆಲವಕ್ಕೆ ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿ ಬರಬೇಕು.

ನಮ್ಮದು ಚಿನ್ನದ ಜಿಲ್ಲೆ. ಚಿನ್ನ ಬಿಟ್ಟು ಮುತ್ತಿಗೆ ಯಾಕೆ ಹಣ ಹಾಕಬೇಕು?

ಹಣ ಹಾಕಬೇಕು ಎಂದು ನಾನು ಯಾರಿಗೂ ಹೇಳುವುದಿಲ್ಲ. ಕೆಜಿಎಫ್ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದರೂ ಎಲ್ಲವನ್ನೂ ಚಿನ್ನದ ತೂಕದಲ್ಲಿ ನೋಡುವ ಅಭ್ಯಾಸ ನಮ್ಮವರನ್ನು ಬಿಟ್ಟಿಲ್ಲ. ಗ್ರಾಂಗೆ ಎಷ್ಟು, ನಾಳೆ ಮಾರಿದರೆ ಎಷ್ಟು, ಒತ್ತೆ ಇಟ್ಟರೆ ಎಷ್ಟು ಎಂಬ ಲೆಕ್ಕ ಚಿನ್ನಕ್ಕೆ ಸರಿ. ಮುತ್ತಿಗೆ ಆ ಲೆಕ್ಕ ಹಿಡಿದರೆ ನಿರಾಶೆಯೇ ಗತಿ. ಮುತ್ತು ಹಾಕಿಕೊಳ್ಳುವುದಕ್ಕೆ ಇರುವ ಒಡವೆ. ನೂರು ವರ್ಷದ ಹಿಂದೆ ಅದರ ಬೆಲೆ ನೆಲಕಚ್ಚಿತು, ಆದರೂ ಅದರ ಮೇಲಿನ ಆಸೆ ಕುಗ್ಗಲಿಲ್ಲ. ಬೆಲೆಯ ಬಲದಿಂದ ಮಾತ್ರ ಅದು ಬದುಕಿದ್ದರೆ ಅಂದೇ ಮೂಲೆ ಸೇರುತ್ತಿತ್ತು. ಆ ಕಥೆ ಮುಂದೆ ಬರುತ್ತದೆ.

ಬೇರೆ ರತ್ನಗಳಿಗಿಂತ ಮೊದಲೇ ಜನ ಮುತ್ತನ್ನು ಮೆಚ್ಚಿದ್ದು ಏಕೆ?

ಅದು ಸಿದ್ಧವಾಗಿಯೇ ಸಿಗುತ್ತದೆ. ಗಣಿಯಿಂದ ಬಂದ ವಜ್ರ ನೋಡಲು ಮಂಕು ಕಲ್ಲು. ಕೊರೆದು, ಮುಖ ಕಡಿದು, ಹೊಳಪು ಕೊಟ್ಟ ಮೇಲೆಯೇ ಅದಕ್ಕೆ ಕಳೆ. ಮಾಣಿಕ್ಯ, ಪಚ್ಚೆಗಳನ್ನೂ ಉಜ್ಜಬೇಕು. ಚಿಪ್ಪು ತೆರೆದ ಗಳಿಗೆಯಲ್ಲಿ ಮುತ್ತು ಹೇಗಿರುತ್ತದೆಯೋ ಕೊರಳಿನಲ್ಲಿಯೂ ಹಾಗೆಯೇ ಇರುತ್ತದೆ, ಒಂದು ತೂತು ಹಾಕಿದರೆ ಆಯಿತು. ಲೋಹದ ಉಪಕರಣಗಳೇ ಇಲ್ಲದ ಕಾಲದ ಮನುಷ್ಯನಿಗೂ ಅದು ಒಡವೆಯಾಗಿ ಒದಗಿತು. ಅಬುಧಾಬಿಯ ಮರಾವಾ ದ್ವೀಪದಲ್ಲಿ ಶಿಲಾಯುಗದ ಮನೆಯೊಂದನ್ನು ಅಗೆದಾಗ ಸಿಕ್ಕ ಮುತ್ತಿಗೆ ಸುಮಾರು 8,000 ವರ್ಷ ಎಂದು 2019ರಲ್ಲಿ ಪ್ರಕಟಿಸಿದರು.

ಇನ್ನೊಂದು ಕಾರಣ ಅದರ ಬೆಳಕು. ವಜ್ರ ಕಣ್ಣಿಗೆ ಹೊಡೆಯುತ್ತದೆ. ಮುತ್ತಿನ ಕಾಂತಿ ಒಳಗಿನಿಂದ ಸೂಸಿದಂತೆ ಕಾಣುತ್ತದೆ, ಹಾಕಿಕೊಂಡವರ ಮೈಬಣ್ಣಕ್ಕೆ ಒಗ್ಗುತ್ತದೆ. ನಮ್ಮವರ ಗೋಧಿ ಬಣ್ಣಕ್ಕೆ, ಎಣ್ಣೆಗಪ್ಪಿಗೆ ಕೆನೆಬಣ್ಣದ ಮುತ್ತಿನಷ್ಟು ಚೆನ್ನಾಗಿ ಒಪ್ಪುವ ಬೇರೆ ರತ್ನವನ್ನು ನಾನು ಕಂಡಿಲ್ಲ.

ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎನ್ನುವುದು ನಿಜವೇ?

ಅದು ಸುಂದರವಾದ ನಂಬಿಕೆ ಮಾತ್ರ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯು ಆನೆ, ಹಾವು, ಚಿಪ್ಪು, ಶಂಖ, ಮೋಡ, ಬಿದಿರು, ತಿಮಿ ಮೀನು, ಹಂದಿ ಎಂದು ಎಂಟು ಮೂಲಗಳನ್ನು ಹೇಳುತ್ತದೆ. ಆದರೆ ಹೇರಳವಾಗಿ ಸಿಗುವುದೂ ಒಳ್ಳೆಯದೂ ಚಿಪ್ಪಿನ ಮುತ್ತೇ ಎಂದು ಅಲ್ಲಿಯೇ ಸ್ಪಷ್ಟಪಡಿಸುತ್ತದೆ. ಕವಿಸಮಯದ ನಡುವೆಯೂ ವ್ಯಾಪಾರಿಗಳಿಂದ ಕೇಳಿ ತಿಳಿದ ಮಾತು ಅದರಲ್ಲಿದೆ.

ನಿಜವಾಗಿ ನಡೆಯುವುದು ಇದು. ಚಿಪ್ಪಿನ ಒಳಮೈಗೆ ಅಂಟಿಕೊಂಡ ಮೆತ್ತನೆಯ ಪೊರೆಯೊಂದಿದೆ. ಚಿಪ್ಪನ್ನು ಕಟ್ಟುವುದು ಅದರ ಕೆಲಸ. ಹುಳು ಕೊರೆದಾಗಲೋ ಗಾಯವಾದಾಗಲೋ ಆ ಪೊರೆಯ ಕೆಲವು ಜೀವಕೋಶಗಳು ಮಾಂಸದೊಳಗೆ ಸೇರಿಬಿಡುತ್ತವೆ. ಅಲ್ಲಿ ಅವು ಸಣ್ಣ ಚೀಲವಾಗಿ, ತಮ್ಮ ಹಳೆಯ ಕೆಲಸವನ್ನೇ ಮುಂದುವರಿಸುತ್ತವೆ. ಸುಣ್ಣದ ಅಂಶದ ಅತಿ ತೆಳುವಾದ ಬಿಲ್ಲೆಗಳು, ನಡುವೆ ಅಂಟಿನಂಥ ಪ್ರೋಟೀನು, ಹೀಗೆ ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಒಂದೊಂದು ಬಿಲ್ಲೆಯೂ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತೆಳು. ಬೆಳಕು ಆ ಪದರಗಳಲ್ಲಿ ಹೊಕ್ಕು ಮರಳುವುದರಿಂದಲೇ ಆ ಕಾಂತಿ. ಮರಳಿನ ಕಣದಿಂದ ಮುತ್ತಾಗುತ್ತದೆ ಎಂಬ ಮಾತನ್ನೂ ಶಾಲೆಯಲ್ಲಿ ಕೇಳಿರುತ್ತೀರಿ. ಮರಳಿನಲ್ಲೇ ಬದುಕುವ ಪ್ರಾಣಿಗೆ ಮರಳನ್ನು ಹೊರಹಾಕುವುದು ಚೆನ್ನಾಗಿ ಗೊತ್ತು, ಹಾಗಾಗುವುದು ಅಪರೂಪ.

ನಮ್ಮ ದೇಶದಲ್ಲಿ ಮುತ್ತಿನ ಒಡವೆಗೆ ಎಷ್ಟು ಹಳೆಯ ಇತಿಹಾಸವಿದೆ?

ಹೇಳುತ್ತಾ ಹೋದರೆ ಸಂಜೆಯಾಗುತ್ತದೆ. ತಮಿಳುನಾಡಿಗೂ ಶ್ರೀಲಂಕಾಕ್ಕೂ ನಡುವಿನ ಮನ್ನಾರ್ ಕೊಲ್ಲಿಯೇ ನಮ್ಮ ಮುತ್ತಿನ ತವರು. ಕೌಟಿಲ್ಯನ ಅರ್ಥಶಾಸ್ತ್ರ ಮುತ್ತು ಸಿಗುವ ಜಾಗಗಳನ್ನು ಪಟ್ಟಿ ಮಾಡುವಾಗ ಮೊದಲು ಹೇಳುವುದು ತಾಮ್ರಪರ್ಣಿಯನ್ನು, ಪಾಂಡ್ಯರ ಕಡಲನ್ನು. ದುಂಡಗಿರಬೇಕು, ತೂಕವಿರಬೇಕು, ನುಣುಪಾಗಿರಬೇಕು, ತೂತು ಸರಿಯಾದ ಜಾಗದಲ್ಲಿರಬೇಕು ಎಂದು ಅದು ಹೇಳುವ ಲಕ್ಷಣಗಳನ್ನೇ ನಾನು ಇಂದಿಗೂ ಮೇಜಿನ ಮೇಲೆ ನೋಡುತ್ತೇನೆ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಪೆರಿಪ್ಲಸ್ ಎಂಬ ಕಡಲಯಾನದ ಕೈಪಿಡಿಯಲ್ಲಿ ಪಾಂಡ್ಯರ ಕೊರ್ಕೈ ಬಂದರಿನ ಮುತ್ತಿನ ಸುದ್ದಿಯಿದೆ. ಶಿಕ್ಷೆಗೆ ಗುರಿಯಾದ ಕೈದಿಗಳನ್ನು ಅಲ್ಲಿ ಮುಳುಗಿಸಿ ಚಿಪ್ಪು ತೆಗೆಸುತ್ತಿದ್ದರಂತೆ. ಅದೇ ಕಾಲದ ರೋಮಿನ ಲೇಖಕ ಪ್ಲಿನಿ, ಬೆಲೆಬಾಳುವ ವಸ್ತುಗಳಲ್ಲೆಲ್ಲ ಮುತ್ತಿಗೇ ಮೊದಲ ಸ್ಥಾನ ಎಂದು ಬರೆದ. ಭಾರತ, ಚೀನಾ, ಅರೇಬಿಯಾಗಳಿಗೆ ರೋಮಿನ ಹಣ ವರ್ಷವರ್ಷವೂ ಹರಿದುಹೋಗುತ್ತಿದೆ ಎಂದು ಗೋಳಾಡಿದವನೂ ಅವನೇ.

13ನೆಯ ಶತಮಾನದಲ್ಲಿ ಮಾರ್ಕೊ ಪೋಲೊ ಕಂಡ ಪಾಂಡ್ಯ ನಾಡಿನ ರಾಜನ ಕೊರಳಲ್ಲಿ 104 ಮುತ್ತು ಮಾಣಿಕ್ಯಗಳ ದಾರವಿತ್ತು. ದಿನವೂ ಅಷ್ಟೇ ಸಲ ಪ್ರಾರ್ಥನೆ ಮಾಡಬೇಕು, ಅದಕ್ಕೆ ಆ ಎಣಿಕೆ ಎಂದು ಅವನು ಬರೆದಿದ್ದಾನೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಎರಡನೆಯ ದೇವರಾಯನ ಕೊರಳಿನ ಮುತ್ತುಗಳನ್ನು ಕಂಡು ಬೆರಗಾದ. ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಕಾಲದ ಪೇಟೆಯಲ್ಲಿ ದೊಡ್ಡ ಮುತ್ತನ್ನೂ ಸಣ್ಣ ಮುತ್ತನ್ನೂ ಮಾರುವುದನ್ನು ನೋಡಿದ. ನಮ್ಮ ಕೋಲಾರ ಸೀಮೆಯೂ ಆ ರಾಜ್ಯದ್ದೇ ಭಾಗ. ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪ ಆ ಕಾಲದ ಕೆಲಸ. ಮುಂದಿನ ಸಲ ಹೋದಾಗ ಕಂಬದ ಶಿಲ್ಪಗಳ ಕೊರಳು, ಸೊಂಟಗಳನ್ನು ನಿಧಾನವಾಗಿ ನೋಡಿ. ಕಲ್ಲಿನಲ್ಲಿ ಮಣಿಮಣಿ ಬಿಡಿಸಿ ಕೆತ್ತುವವನಿಗೆ ಸರ ಹೇಗೆ ಇಳಿಬೀಳುತ್ತದೆ ಎಂಬುದು ಚೆನ್ನಾಗಿ ಗೊತ್ತಿರಬೇಕು.

ಮುಳುಗುವವರ ಪಾಡನ್ನೂ ಇಲ್ಲಿ ಹೇಳಲೇಬೇಕು. ಕಾಲಿಗೆ ಕಲ್ಲಿನ ಭಾರ, ಸೊಂಟಕ್ಕೆ ಹಗ್ಗ, ಚಿಪ್ಪು ತುಂಬಲು ಬಲೆಯ ಬುಟ್ಟಿ, ಹಿಡಿದ ಉಸಿರು, ಇಷ್ಟೇ ಅವರ ಸಲಕರಣೆ. ತಂದ ಚಿಪ್ಪುಗಳನ್ನು ದಂಡೆಯ ಮೇಲೆ ಕೊಳೆಯಲು ಬಿಟ್ಟು, ಆ ದುರ್ನಾತದಲ್ಲಿ ತೊಳೆದು ಮುತ್ತು ಹುಡುಕುತ್ತಿದ್ದರು. ಸಾವಿರಾರು ಚಿಪ್ಪು ತೆರೆದರೂ ಒಂದು ಒಳ್ಳೆಯ ಮುತ್ತು ಸಿಗುವ ಖಾತ್ರಿಯಿರಲಿಲ್ಲ. ಅರಬ್ಬಿ ಕೊಲ್ಲಿಯಲ್ಲಂತೂ ಎಷ್ಟೋ ಮುಳುಗುಗಾರರು ಜೀವಮಾನವಿಡೀ ದೋಣಿಯ ಯಜಮಾನನ ಸಾಲದಲ್ಲೇ ಇದ್ದರು. ತೂತುಕುಡಿಯಲ್ಲಿ ಕೊನೆಯ ಮುತ್ತಿನ ಚಿಪ್ಪಿನ ಬೇಟೆ ನಡೆದದ್ದು 1961ರಲ್ಲಿ.

ಏಕಾವಳಿ, ನಕ್ಷತ್ರಮಾಲೆ ಎಂದರೆ ಯಾವ ಸರ?

ಏಕಾವಳಿ ಎಂದರೆ ಒಂದೇ ಎಳೆಯ ಸರ. ಸಂಸ್ಕೃತದ ಹಳೆಯ ನಿಘಂಟು ಅಮರಕೋಶದ ಪ್ರಕಾರ ಆ ಒಂದೆಳೆಯಲ್ಲಿ 27 ಮುತ್ತಿದ್ದರೆ ಅದು ನಕ್ಷತ್ರಮಾಲೆ, ನಕ್ಷತ್ರಕ್ಕೊಂದು ಮುತ್ತು. ಅರ್ಥಶಾಸ್ತ್ರದಲ್ಲಿ 1,008 ಎಳೆಗಳ ಇಂದ್ರಚ್ಛಂದ, ಅದರರ್ಧ 504 ಎಳೆಗಳ ವಿಜಯಚ್ಛಂದಗಳ ಹೆಸರೂ ಬರುತ್ತದೆ. ಇಷ್ಟು ಎಳೆ ಹೊತ್ತುಕೊಂಡು ಯಾರು ನಡೆದರೋ ತಿಳಿಯದು, ಆದರೆ ಎಳೆಯ ಎಣಿಕೆಗೊಂದು ಹೆಸರಿಡುವಷ್ಟು ಆ ಕಸುಬು ಬೆಳೆದಿತ್ತು ಎನ್ನುವುದು ನನಗೆ ಹೆಮ್ಮೆಯ ವಿಷಯ. 27 ಮುತ್ತಿನ ಸರವನ್ನು ಇಂದಿಗೂ ಮಾಡಿಸಬಹುದು. ದೊಡ್ಡ ಮುತ್ತು ಬೇಕಾಗುತ್ತದೆ, ಅಥವಾ ನಡುನಡುವೆ ಚಿನ್ನದ ಗುಂಡು ಹಾಕಬೇಕಾಗುತ್ತದೆ.

ಅಜ್ಜಿಯ ಸರ ಬಸ್ರಾ ಮುತ್ತಿನದು ಎನ್ನುತ್ತಾರೆ. ಹಾಗೆಂದರೇನು?

ಬಹರೇನ್, ಕುವೈತ್, ಕತಾರ್‌ಗಳ ಸುತ್ತಲಿನ ಕೊಲ್ಲಿಯಲ್ಲಿ ತೆಗೆದ ಸಹಜ ಮುತ್ತು, ಅಂದರೆ ಮನುಷ್ಯ ಕೈಹಾಕದೆ ಚಿಪ್ಪಿನಲ್ಲಿ ತಾನಾಗಿ ಬೆಳೆದದ್ದು. ಇರಾಕಿನ ಬಸ್ರಾ ವ್ಯಾಪಾರದ ಬಂದರಾದ್ದರಿಂದ ಆ ಹೆಸರು ಅಂಟಿಕೊಂಡಿತು. ಅಲ್ಲಿಂದ ಮುಂಬೈಗೆ ಬಂದು, ವಿಂಗಡಣೆಯಾಗಿ, ದೇಶವಿದೇಶಕ್ಕೆ ಹೋಗುತ್ತಿತ್ತು. ಬರೋಡದ ರಾಜಮನೆತನದ ಗಾಯಕವಾಡರ ಬಳಿಯಿದ್ದ ಮುತ್ತುಗಳಿಂದ ಮಾಡಿದ 68 ಮುತ್ತುಗಳ ಎರಡೆಳೆ ಸರ 2007ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 71 ಲಕ್ಷ ಡಾಲರಿಗೆ ಹೋಯಿತು ಎಂದರೆ ಸಹಜ ಮುತ್ತಿನ ತೂಕ ನಿಮಗೆ ಗೊತ್ತಾಗುತ್ತದೆ.

ನಿಮ್ಮ ಅಜ್ಜಿಯ ಸರ ಅಂಥದ್ದೇ? 1920ಕ್ಕೂ ಹಿಂದಿನಿಂದ ಮನೆಯಲ್ಲಿದ್ದರೆ ಸಾಧ್ಯವಿದೆ. ಮುತ್ತುಗಳು ಒಂದರಂತೆ ಒಂದಿಲ್ಲದೆ, ತೂತು ಬಹಳ ಸಣ್ಣದಾಗಿ, ಬಣ್ಣ ಕೆನೆಗೆ ತಿರುಗಿದ್ದರೆ ಒಮ್ಮೆ ರತ್ನ ಪರೀಕ್ಷೆಯ ಪ್ರಯೋಗಾಲಯದಲ್ಲಿ ಎಕ್ಸ್-ರೇ ಮಾಡಿಸಿ. ಕಣ್ಣಂದಾಜಿನಲ್ಲಿ ತೀರ್ಮಾನ ಹೇಳುವವರನ್ನು ನಂಬಬೇಡಿ, ನಾನು ಹೇಳಿದರೂ ಅಷ್ಟೇ. ಈಗ ಬಸ್ರಾ ಎಂದು ಪೇಟೆಯಲ್ಲಿ ಮಾರುವ ಎಷ್ಟೋ ಸರಗಳಲ್ಲಿರುವುದು ಚೀನಾದ ಸಿಹಿನೀರಿನ ಸಣ್ಣ ಮುತ್ತು.

ಹೈದರಾಬಾದಿನಲ್ಲಿ ಸಮುದ್ರವೇ ಇಲ್ಲ, ಮುತ್ತಿಗೆ ಹೇಗೆ ಹೆಸರಾಯಿತು?

ಮುತ್ತು ಹುಟ್ಟಿದ ಊರಿಗಿಂತ ಮುತ್ತು ತಿಳಿದ ಕೈಗಳಿರುವ ಊರಿಗೆ ಹೆಸರು ಬರುತ್ತದೆ. ನಿಜಾಮರು ಕೊಳ್ಳುತ್ತಿದ್ದರು, ಆದ್ದರಿಂದ ತೂತು ಹಾಕುವವರು, ವಿಂಗಡಿಸುವವರು, ಪೋಣಿಸುವವರು ಅಲ್ಲಿ ನೆಲೆಯೂರಿದರು. ಭಾರತ ಸರ್ಕಾರ 1995ರಲ್ಲಿ 218 ಕೋಟಿ ರೂಪಾಯಿ ಕೊಟ್ಟು ಪಡೆದ ನಿಜಾಮರ ಒಡವೆಗಳಲ್ಲಿ ಬಸ್ರಾ ಮುತ್ತಿನ ಏಳೆಳೆಯ ಸರವೂ ಇದೆ. ಇಂದು ಚಾರ್ಮಿನಾರ್ ಬಳಿಯ ಪತ್ತರ್‌ಗಟ್ಟಿಯಲ್ಲಿ ನೀವು ಕೊಳ್ಳುವ ಮುತ್ತು ಬಹುಪಾಲು ಚೀನಾದ್ದು. ಅದರಲ್ಲಿ ನಾಚಿಕೆಯೇನಿಲ್ಲ, ಕೆಲಸಗಾರಿಕೆ ಅಲ್ಲಿನದೇ.

ಕಲ್ಚರ್ ಮುತ್ತು ಎಂದರೆ ನಕಲಿಯೇ?

ಖಂಡಿತ ಅಲ್ಲ. ದಿನವೂ ಬರುವ ಪ್ರಶ್ನೆ ಇದು. ಜೀವಂತ ಚಿಪ್ಪಿನೊಳಗೆ, ಅದೇ ಪೊರೆ, ಅದೇ ಪದಾರ್ಥದಿಂದ ಕಟ್ಟಿದ ಮುತ್ತು ಅದು. ಮೊದಲ ಹೆಜ್ಜೆಯನ್ನಷ್ಟೇ ಮನುಷ್ಯ ಇಡುತ್ತಾನೆ.

ಜಪಾನಿನ ಕೊಕಿಚಿ ಮಿಕಿಮೊಟೊ 1893ರಲ್ಲಿ ಚಿಪ್ಪಿಗೆ ಅಂಟಿಕೊಂಡ ಅರ್ಧಗೋಳದ ಮುತ್ತನ್ನು ಬೆಳೆಸಿದ. ಪೂರ್ತಿ ದುಂಡಗಿನ ಮುತ್ತಿನ ದಾರಿಯನ್ನು ತೋಕಿಚಿ ನಿಶಿಕಾವಾ, ತಾತ್ಸುಹೇಯಿ ಮಿಸೆ ಎಂಬುವರು ಕಂಡುಕೊಂಡರು. ಚಿಪ್ಪಿನಿಂದ ಮಾಡಿದ ಒಂದು ದುಂಡು ಮಣಿ, ಅದರ ಜೊತೆಗೆ ಇನ್ನೊಂದು ಚಿಪ್ಪಿನ ಪೊರೆಯ ಚೂರು, ಇವೆರಡನ್ನೂ ನಾಜೂಕಾಗಿ ಒಳಗಿಟ್ಟರೆ ಮಣಿಯ ಸುತ್ತ ಮುತ್ತಿನ ಪದರ ಬೆಳೆಯುತ್ತದೆ. ಆ ಮಣಿಗೆ ಬೇಕಾದ ದಪ್ಪ ಚಿಪ್ಪು ಅಮೆರಿಕದ ಮಿಸಿಸಿಪ್ಪಿ ಕಡೆಯ ನದಿಗಳಿಂದ ಜಪಾನಿಗೆ ಹೋಗುತ್ತಿತ್ತು. 1920ರ ದಶಕದಲ್ಲಿ ಈ ಮುತ್ತು ಪ್ಯಾರಿಸ್ ಪೇಟೆಗೆ ಬಂದಾಗ ಸಹಜ ಮುತ್ತಿನ ವ್ಯಾಪಾರಿಗಳು ಮೋಸವೆಂದು ಕೂಗೆಬ್ಬಿಸಿದರು, ವಿವಾದ ಕೋರ್ಟಿನವರೆಗೆ ಹೋಯಿತು. ಗೆದ್ದದ್ದು ಮಿಕಿಮೊಟೊ.

ಬೆಲೆ ಬಿದ್ದದ್ದು ಆಮೇಲೆ. 1917ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ ಒಂದು ಭವನವನ್ನೇ ಕಾರ್ಟಿಯೇ ಎಂಬ ಒಡವೆ ಸಂಸ್ಥೆ ಎರಡೆಳೆಯ ಸಹಜ ಮುತ್ತಿನ ಸರ ಮತ್ತು 100 ಡಾಲರ್ ಕೊಟ್ಟು ಪಡೆದಿತ್ತು. ಸರದ ಬೆಲೆ ಆಗ ಹತ್ತು ಲಕ್ಷ ಡಾಲರ್. 1957ರ ಹರಾಜಿನಲ್ಲಿ ಅದೇ ಸರಕ್ಕೆ ಬಂದದ್ದು ಸುಮಾರು ಒಂದೂವರೆ ಲಕ್ಷ. ಜಾಗತಿಕ ಆರ್ಥಿಕ ಕುಸಿತವೂ ಸೇರಿಕೊಂಡು ಕೊಲ್ಲಿಯ ಮುತ್ತಿನ ದೋಣಿಗಳು ದಡ ಸೇರಿದವು. 1932ರಲ್ಲಿ ಬಹರೇನಿನಲ್ಲಿ ತೈಲ ಸಿಕ್ಕಿರದಿದ್ದರೆ ಆ ಜನರ ಗತಿ ಏನಾಗುತ್ತಿತ್ತೋ.

ಇಷ್ಟಾದ ಮೇಲೂ ಹೆಣ್ಣುಮಕ್ಕಳು ಮುತ್ತನ್ನು ಬಿಡಲಿಲ್ಲ, ಹಿಂದೆಂದೂ ಕೊಳ್ಳಲಾಗದವರೂ ಕೊಂಡರು. ರಾಜರಾಣಿಯರ, ಸಿರಿವಂತರ ಕೊರಳಿಗೆ ದಕ್ಕುತ್ತಿದ್ದ ಒಡವೆ ಇಂದು ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಮಗಳಿಗೊಂದು ಸರ ಕೊಳ್ಳುವ ರೈತನ ಕೈಗೂ ಎಟುಕುತ್ತದೆ. ಮುತ್ತಿನ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಸಿಹಿನೀರು, ಅಕೋಯಾ, ಸೌತ್ ಸೀ: ಇವುಗಳ ವ್ಯತ್ಯಾಸವೇನು?

ಸಿಹಿನೀರಿನ ಮುತ್ತು ಹೆಚ್ಚಾಗಿ ಚೀನಾದ್ದು, ಬಹುಮಟ್ಟಿಗೆ ಮಣಿಯಿಲ್ಲದೆ ಪೊರೆಯ ಚೂರಿನಿಂದಲೇ ಬೆಳೆದದ್ದು, ಕೈಗೆಟುಕುವ ಬೆಲೆಯದು. ಅಕೋಯಾ ಜಪಾನಿನ ಹೆಸರು ಹೊತ್ತ ಕಡಲ ಮುತ್ತು, ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್, ಕನ್ನಡಿಯಂಥ ಹೊಳಪು. ಸೌತ್ ಸೀ ಆಸ್ಟ್ರೇಲಿಯಾ, ಇಂಡೊನೇಷ್ಯಾ, ಫಿಲಿಪೀನ್ಸ್‌ಗಳದ್ದು. ಗಾತ್ರ ದೊಡ್ಡದು, ಬಿಳಿ ಮತ್ತು ಹೊನ್ನಿನ ಬಣ್ಣ, ಬೆಲೆಯೂ ದೊಡ್ಡದು. ಬಣ್ಣ ಹಾಕದೆ ಹುಟ್ಟಿನಿಂದಲೇ ಕಪ್ಪಾಗಿರುವ ಮುತ್ತು ತಾಹಿತಿಯ ಕಡೆಯದು. ಅಗ್ಗದ ಕಡುಗಪ್ಪು ಸರಗಳಿಗೆ ಬಣ್ಣ ಹಾಕಿರುತ್ತಾರೆ.

ಅಸಲಿಯೋ ನಕಲಿಯೋ ಮನೆಯಲ್ಲೇ ತಿಳಿಯುವುದು ಹೇಗೆ?

ತೂತಿನ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಗಾಜಿನದ್ದೋ ಪ್ಲಾಸ್ಟಿಕ್ಕಿನದ್ದೋ ಆದರೆ ಅಲ್ಲಿ ಬಣ್ಣ ಎದ್ದು ಸುಲಿದಿರುತ್ತದೆ. ಎರಡು ಮುತ್ತನ್ನು ಮೆಲ್ಲಗೆ ಒಂದಕ್ಕೊಂದು ತೀಡಿದರೆ ಅಸಲಿ ಸ್ವಲ್ಪ ತರಿತರಿ ಎನ್ನುತ್ತದೆ, ನಕಲಿ ಜಾರುತ್ತದೆ. ಎಲ್ಲ ಮುತ್ತೂ ಅಚ್ಚು ಹಾಕಿದಂತೆ ಒಂದೇ ಸಮನಾಗಿದ್ದು ಬೆಲೆ ಮಾತ್ರ ಅಗ್ಗವಾಗಿದ್ದರೆ ಅನುಮಾನಪಡಿ. ಬೆಂಕಿ ಹಚ್ಚಿ ಪರೀಕ್ಷಿಸುವ ವಿಡಿಯೊಗಳನ್ನು ನೋಡಿ ದಯವಿಟ್ಟು ಹಾಗೆ ಮಾಡಬೇಡಿ, ಅಸಲಿ ಮುತ್ತೂ ಬಿಸಿಗೆ ಹಾಳಾಗುತ್ತದೆ. ಸಹಜವೋ ಕಲ್ಚರೋ ಎಂಬುದು ಮಾತ್ರ ಈ ಯಾವ ಉಪಾಯಕ್ಕೂ ಸಿಕ್ಕುವುದಿಲ್ಲ.

ಮುತ್ತಿಗೆ ಹಾಲ್‌ಮಾರ್ಕ್ ಇದೆಯೇ? ವಾಪಸು ಕೊಟ್ಟರೆ ಎಷ್ಟು ಸಿಗುತ್ತದೆ?

ಹಾಲ್‌ಮಾರ್ಕ್ ಇರುವುದು ಚಿನ್ನ, ಬೆಳ್ಳಿಗೆ, ಮುತ್ತಿಗಲ್ಲ. ಒಡವೆಯ ಮೇಲಿನ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯನ್ನು ಹೇಳುತ್ತದೆ, ಅದರ ಜೊತೆಗಿರುವ ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಸಂಕೇತ ಆ ಒಡವೆಯ ಗುರುತು, ಎರಡೂ ಮುತ್ತಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮುತ್ತಿನ ಜುಮುಕಿಯನ್ನೋ ಹಾರವನ್ನೋ ಕೊಳ್ಳುವಾಗ ಬಿಲ್ಲಿನಲ್ಲಿ ಒಟ್ಟು ತೂಕ ಬೇರೆ, ಮುತ್ತು ಕಳೆದ ನಿವ್ವಳ ಚಿನ್ನದ ತೂಕ ಬೇರೆ ಬರೆಸಿಕೊಳ್ಳಿ. ಮುತ್ತಿನ ತೂಕಕ್ಕೂ ಚಿನ್ನದ ದರ ಕೊಟ್ಟು ಬಂದವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಬ್ಯಾಂಕಿನವರು ಚಿನ್ನದ ಸಾಲ ಕೊಡುವಾಗ ಮುತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರುವ ಉದ್ದೇಶವಿದ್ದರೆ ಚಿನ್ನದ ನಾಣ್ಯವನ್ನೇ ಕೊಳ್ಳಿ.

ಜ್ಯೋತಿಷಿಗಳು ಮುತ್ತಿನ ಉಂಗುರ ಹೇಳಿದ್ದಾರೆ.

ನವರತ್ನಗಳಲ್ಲಿ ಮುತ್ತು ಚಂದ್ರನದು. ತೂತು ಹಾಕದ ಮುತ್ತನ್ನು ಬೆಳ್ಳಿಯಲ್ಲಿ ಕೂರಿಸಿ ಕೇಳುವವರೇ ಹೆಚ್ಚು, ಹಾಗೆ ಮಾಡಿಕೊಡುತ್ತೇವೆ. ಫಲದ ವಿಚಾರ ನಮ್ಮ ಕಸುಬಿನದಲ್ಲ. ಉಂಗುರದ ಮುತ್ತು ಬೇಗ ಸವೆಯುತ್ತದೆ ಎನ್ನುವುದನ್ನು ಮಾತ್ರ ಹೇಳಬಲ್ಲೆ. ಪಾತ್ರೆ ತೊಳೆಯುವಾಗ ತೆಗೆದಿಡಿ.

ನಮ್ಮ ಕೃಷಿ ಹೊಂಡದಲ್ಲಿ ಮುತ್ತು ಬೆಳೆಯಬಹುದೇ?

ಈಚೆಗೆ ಹುಡುಗರು ಹೆಚ್ಚಾಗಿ ಕೇಳುತ್ತಿದ್ದಾರೆ. ಸಾಧ್ಯವಿದೆ. ತೂತುಕುಡಿಯಲ್ಲಿ ನಮ್ಮ ವಿಜ್ಞಾನಿಗಳು 1973ರಲ್ಲಿಯೇ ಕಡಲ ಮುತ್ತು ಬೆಳೆಸಿದರು. ಸಿಹಿನೀರಿನ ಮುತ್ತಿಗೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ತರಬೇತಿ ಕೊಡುತ್ತದೆ. ಕೆರೆ, ಹೊಳೆಗಳಲ್ಲಿ ಸಿಗುವ ಸಾಮಾನ್ಯ ಕಪ್ಪೆಚಿಪ್ಪಿನ ಜಾತಿಗಳಲ್ಲೇ ಬೆಳೆಯಬಹುದು. ಆದರೆ ಚಿಪ್ಪಿನ ಪ್ರಾಣಿ ನೀರನ್ನೇ ಸೋಸಿ ತಿಂದು ಬದುಕುತ್ತದೆ, ನೀರಿನಲ್ಲಿರುವ ವಿಷವೂ ಅದರ ಮೈ ಸೇರುತ್ತದೆ. ನಮ್ಮಲ್ಲಿ ಕೊಳವೆಬಾವಿಯ ಗಡಸು ನೀರು ಒಂದು ಕಡೆ, 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ತುಂಬುತ್ತಿರುವ ಕೆರೆಗಳು ಇನ್ನೊಂದು ಕಡೆ. ನೀರಿನ ಪರೀಕ್ಷೆ ಮಾಡಿಸದೆ ಒಂದು ಚಿಪ್ಪನ್ನೂ ಇಳಿಸಬೇಡಿ. ಚಿಪ್ಪು ನಾವು ಕೊಡುತ್ತೇವೆ, ಮುತ್ತನ್ನು ನಾವೇ ವಾಪಸು ಕೊಳ್ಳುತ್ತೇವೆ ಎಂದು ಮುಂಗಡ ಕೇಳುವವರು ಬಂದರೆ ಅವರು ಈ ಹಿಂದೆ ಯಾರಿಂದ, ಯಾವ ದರಕ್ಕೆ ಕೊಂಡರು ಎಂಬ ದಾಖಲೆ ಕೇಳಿ.

ಮುತ್ತನ್ನು ನೋಡಿಕೊಳ್ಳುವುದು ಹೇಗೆ?

ಕ್ಲಿಯೋಪಾತ್ರ ಪಂತ ಕಟ್ಟಿ ದೊಡ್ಡ ಮುತ್ತೊಂದನ್ನು ವಿನಿಗರಿನಲ್ಲಿ ಕರಗಿಸಿ ಕುಡಿದಳು ಎಂಬ ಕಥೆಯನ್ನು ಪ್ಲಿನಿ ಬರೆದಿದ್ದಾನೆ. ಕಥೆಯಲ್ಲಿ ಎಷ್ಟು ನಿಜವೋ, ಹುಳಿಗೆ ಮುತ್ತು ಕರಗುವುದಂತೂ ನಿಜ. ನಮ್ಮ ಮನೆಗಳಲ್ಲಿ ಒಡವೆ ಮಂಕಾದರೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜುವ ರೂಢಿಯಿದೆ. ಚಿನ್ನಕ್ಕೆ ಅದು ನಡೆಯುತ್ತದೆ, ಮುತ್ತಿನ ಮೈ ಸುಟ್ಟುಹೋಗುತ್ತದೆ. ಟೂತ್‌ಪೇಸ್ಟೂ ಬೇಡ, ಅದು ಮೈಯನ್ನು ತರಚುತ್ತದೆ. ಬೆವರಿನಲ್ಲಿಯೂ ಸೆಂಟಿನಲ್ಲಿಯೂ ಹುಳಿಯ ಅಂಶವಿರುತ್ತದೆ. ಆದ್ದರಿಂದ ಸೀರೆ ಉಟ್ಟು, ಹೂ ಮುಡಿದು, ಸೆಂಟು ಹಾಕಿ ಎಲ್ಲ ಮುಗಿದ ಮೇಲೆ ಸರ ಹಾಕಿಕೊಳ್ಳಿ, ಮನೆಗೆ ಬಂದಾಗ ಮೊದಲು ಅದನ್ನೇ ತೆಗೆಯಿರಿ. ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಇಡಿ. ವಜ್ರದೊಂದಿಗೆ ಒಂದೇ ಡಬ್ಬಿಯಲ್ಲಿಟ್ಟರೆ ಮುತ್ತಿಗೆ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ವರ್ಷಾನುಗಟ್ಟಲೆ ಲಾಕರಿನಲ್ಲಿ ಬಿಡಬೇಡಿ.

ದಾರದ ಮಾತು. ಒಳ್ಳೆಯ ಸರದಲ್ಲಿ ಪ್ರತಿ ಮುತ್ತಿನ ಬದಿಗೂ ಒಂದು ಗಂಟು ಇರುತ್ತದೆ. ರೇಷ್ಮೆ ದಾರವನ್ನು ಮುತ್ತಿನಲ್ಲಿ ತೂರಿಸಿ, ಸಡಿಲ ಕುಣಿಕೆ ಹಾಕಿ, ಕುಣಿಕೆಯೊಳಗೆ ಸೂಜಿ ಇಟ್ಟು, ಆ ಸೂಜಿಯ ತುದಿಯಿಂದಲೇ ಗಂಟನ್ನು ಮುತ್ತಿನ ಬಾಯಿಯವರೆಗೆ ತಳ್ಳಿಕೊಂಡು ಹೋಗಿ ಬಿಗಿಯುತ್ತೇನೆ. ಕೂದಲೆಳೆಯಷ್ಟು ಜಾಗ ಬಿಟ್ಟರೂ ಸರ ಜೋಲುತ್ತದೆ, ಅತಿಯಾಗಿ ಬಿಗಿದರೆ ಕೊರಳಿಗೆ ಕೂರದೆ ಕಡ್ಡಿಯಂತೆ ನಿಲ್ಲುತ್ತದೆ. ಗಂಟಿದ್ದರೆ ಮುತ್ತಿಗೆ ಮುತ್ತು ತೀಡುವುದಿಲ್ಲ, ದಾರ ಹರಿದರೂ ಮದುವೆ ಛತ್ರದ ನೆಲದ ತುಂಬ ಮುತ್ತು ಚೆಲ್ಲುವುದಿಲ್ಲ. ಮುತ್ತುಗಳ ನಡುವೆ ದಾರ ಕಪ್ಪಾಗಿ ಕಾಣಿಸಿದರೆ ಅಥವಾ ಸರ ಉದ್ದವಾದಂತೆ ತೋರಿದರೆ ಮರುಪೋಣಿಸುವ ಕಾಲ ಬಂತು ಎಂದು ತಿಳಿಯಿರಿ.

ಹಳದಿಯಾದ ಮುತ್ತು ಮತ್ತೆ ಬೆಳ್ಳಗಾಗುತ್ತದೆಯೇ?

ಅರಿಸಿನ, ಎಣ್ಣೆ, ಕೊಳೆ ಮೇಲ್ಮೈಯಲ್ಲಿದ್ದರೆ ಒರೆಸಿದಾಗ ಸ್ವಲ್ಪ ತಿಳಿಯಾಗುತ್ತದೆ. ವಯಸ್ಸಿನಿಂದ ಬಂದ ಕೆನೆಬಣ್ಣ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಬ್ಲೀಚ್ ಮಾಡಿಸಲು ಕೊಡಬೇಡಿ.

ಗಂಡಸರು ಮುತ್ತು ಹಾಕಿಕೊಳ್ಳಬಹುದೇ?

ಧಾರಾಳವಾಗಿ. ಇತಿಹಾಸದ ಉದ್ದಕ್ಕೂ ಗಂಡಸರೂ ಹಾಕಿಕೊಂಡಿದ್ದಾರೆ. ದೇವರಾಯನನ್ನು ಆಗಲೇ ನೋಡಿದಿರಿ, ನಮ್ಮ ಮಹಾರಾಜರ ಹಳೆಯ ಭಾವಚಿತ್ರಗಳನ್ನೂ ನೋಡಿ. ಮದುಮಗನ ಪೇಟಕ್ಕೆ ಮುತ್ತಿನ ಕುಚ್ಚು ಈಗ ಮತ್ತೆ ಬಂದಿದೆ, ನನಗೆ ಬಹಳ ಸಂತೋಷ.

ಒಂದೇ ಒಂದು ಮುತ್ತಿನ ಒಡವೆ ಕೊಳ್ಳುವುದಾದರೆ ಯಾವುದು?

ಮದುವೆಗೆಂದೇ ಬಂದವರು ಐದೆಳೆಯ ಹಾರ, ಬುಗುಡಿ, ಬೈತಲೆಬೊಟ್ಟು ಎಲ್ಲವನ್ನೂ ಒಟ್ಟಿಗೆ ಕೇಳುತ್ತಾರೆ. ಮದುವೆ ಮುಗಿದ ಮೇಲೆ ಅವು ಬೀರುವಿನಲ್ಲೇ ಉಳಿಯುತ್ತವೆ. ನನ್ನನ್ನು ಕೇಳಿದರೆ ಗಂಟು ಹಾಕಿದ ಒಂದೆಳೆ ಸರ, ಹದಿನಾರರಿಂದ ಹದಿನೆಂಟು ಇಂಚು, 6–7 ಮಿಲಿಮೀಟರಿನ ಮುತ್ತು. ಕಚೇರಿಗೂ ಆಗುತ್ತದೆ, ಗೃಹಪ್ರವೇಶಕ್ಕೂ ಆಗುತ್ತದೆ, ಕಾಟನ್ ಸೀರೆಗೂ ರೇಷ್ಮೆಗೂ ಸಲ್ಲುತ್ತದೆ. ಎರಡನೆಯದು ಬೇಕೆಂದರೆ ಕಿವಿಯ ಓಲೆಯಿಂದ ಮುಡಿಗೆ ಸಿಕ್ಕಿಸುವ ಮುತ್ತಿನ ಮಾಟಿ. ಗಾತ್ರಕ್ಕೆ ಮನಸೋಲದೆ ಹೊಳಪು ನೋಡಿ ಆರಿಸಿ. ಮಂಕಾದ ದೊಡ್ಡ ಮುತ್ತಿಗಿಂತ ನಿಮ್ಮ ಮುಖದ ನೆರಳು ಕಾಣುವ ಸಣ್ಣ ಮುತ್ತು ಮೇಲು. ಅಂಗಡಿಯ ಹಳದಿ ದೀಪಗಳ ಕೆಳಗೆ ಎಲ್ಲ ಮುತ್ತೂ ಚೆನ್ನಾಗಿಯೇ ಕಾಣುತ್ತದೆ. ಸರವನ್ನು ಬಾಗಿಲಿನ ಬಳಿ ತಂದು, ಬಿಳಿ ಬಟ್ಟೆಯ ಮೇಲೆ ಉರುಳಿಸಿ, ಹಗಲು ಬೆಳಕಿನಲ್ಲಿ ನೋಡಿ. ಆದ್ದರಿಂದ ಮಧ್ಯಾಹ್ನದೊಳಗೆ ಬನ್ನಿ, ಯಾವ ಸೀರೆಗೆ ಬೇಕೋ ಅದರ ರವಿಕೆಯನ್ನೂ ಜೊತೆಗೆ ತನ್ನಿ.